ಅರ್ಧ ಹಂಚಿನ ಇಗರ್ಜಿ

ನಮ್ಮೂರ ಇಗರ್ಜಿ ಯಾವಾಗ ಆಯಿತು ಎಂದು ಕೇಳಿದರೆ ಗಂಡಸರು ಗೋಡೆ ಎದ್ದ ವರ್ಷ ಹೇಳುತ್ತಾರೆ. ಗೋಡೆ ಎದ್ದಮಾತ್ರಕ್ಕೆ ಇಗರ್ಜಿ ಆದಂತೆಯೇ? ನನ್ನ ಪ್ರಕಾರ ಅದು ಇಗರ್ಜಿಯಾದದ್ದು ನನ್ನ ಮದುವೆಯ ದಿನ. ಜಂಬ ಅನ್ನುವವರು ಅನ್ನಲಿ.

ಹಳಿಯಾಳದಿಂದ ಕಾಡಿನ ದಾರಿ ಹಿಡಿದರೆ ನಮ್ಮ ಊರು. ನಾವು ಸಿದ್ದಿಗಳು. ನಮ್ಮ ಕೇರಿಯವರು ಕ್ರಿಸ್ತಾಂವರು, ಪಕ್ಕದ ಕೇರಿಯವರು ಹಿಂದೂಗಳು, ಹಳ್ಳದಾಚೆಯವರು ಮುಸಲ್ಮಾನರು. ಹಬ್ಬಕ್ಕೂ ಜಗಳಕ್ಕೂ ಎಲ್ಲರೂ ಒಂದೇ. ಮೊದಲು ಮಾವಿನ ಮರದ ಬುಡದಲ್ಲೇ ಪೂಜೆ ನಡೆಯುತ್ತಿತ್ತಂತೆ. ಆಮೇಲೆ ಮಣ್ಣಿನ ಗೋಡೆ ಕಟ್ಟಿ ಹುಲ್ಲು ಹೊದಿಸಿದರು. ಗಂಟೆ ಇರಲಿಲ್ಲ. ಹಳಿಯಾಳದಿಂದ ಪಾದ್ರಿಗಳ ಎತ್ತಿನ ಗಾಡಿ ಬರುವುದು ಕಂಡಕೂಡಲೇ ನಮ್ಮಜ್ಜಿ ಅಂಗಳದಲ್ಲಿ ಕೂತು ಡಮಾಮ್ ಬಾರಿಸುತ್ತಿದ್ದಳು. ಎರಡೂ ಬದಿಗೆ ಚರ್ಮ ಬಿಗಿದ ನಮ್ಮವರ ವಾದ್ಯ ಅದು. ಸೌದೆಗೆ ಹೋದವರೂ ಆ ಸದ್ದಿಗೆ ಓಡಿ ಬರುತ್ತಿದ್ದರು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಹೊಸ ಪಾದ್ರಿಗಳು ಬಂದರು. ಒಂದು ಕ್ರಿಸ್‌ಮಸ್‌ಗೆ ಮೇಣದಬತ್ತಿಯ ಕಿಡಿ ಹುಲ್ಲಿಗೆ ತಾಗಿ ಎಲ್ಲರೂ ಕೊಡ ಹೊತ್ತು ಓಡಾಡಿದ್ದೆವು. ಅಂದೇ ಅವರು ಹೇಳಿಬಿಟ್ಟರು: "ಇನ್ನು ಹುಲ್ಲಿನ ಕೆಳಗೆ ಮದುವೆ ಮಾಡಿಸುವುದಿಲ್ಲ. ಹಂಚು ಹೊದಿಸಿ, ಇಲ್ಲವೇ ಹಳಿಯಾಳಕ್ಕೆ ಬನ್ನಿ. ಇನ್ನೊಂದು ಮಾತು, ಇಗರ್ಜಿಯ ಚಾವಣಿ ಕೆಳಗೆ ಡಮಾಮ್ ಬೇಡ."

ಅಜ್ಜಿಗೆ ಎದೆ ಒಡೆದಂತಾಯಿತು. ನನಗೆ ಜೊಯಿಡಾ ಕಡೆಯ ಗಾಡಿ ಹೊಡೆಯುವ ಹುಡುಗನ ಸಂಬಂಧ ನಿಶ್ಚಯವಾಗಿತ್ತು. ಅಜ್ಜಿ ಹಳಿಯಾಳದವರೆಗೆ ನಡೆಯಲಾರಳು, ಗಾಡಿಯ ಕುಲುಕಾಟವನ್ನೂ ತಾಳಲಾರಳು. ನಮ್ಮಲ್ಲಿ ಹುಡುಗಿ ಹೂಂ ಎಂದ ಕ್ಷಣವೇ ಡಮಾಮ್ ಮೊಳಗಬೇಕು. ಅಲ್ಲಿಯವರೆಗೆ ಮದುವೆಯಾಯಿತೆಂದು ಯಾರೂ ನಂಬುವುದಿಲ್ಲ. ನನ್ನನ್ನು ಹೊತ್ತು ಬೆಳೆಸಿದವಳು ಅವಳು. ಅವಳಿಲ್ಲದೆ ನಾನು ಹೂಂ ಅನ್ನಲಾರೆ ಎಂದು ಹಟ ಹಿಡಿದು ಕೂತೆ.

ಆದರೆ ಹೊತ್ತಿರಲಿಲ್ಲ. ಬೂದಿ ಬುಧವಾರ ಬಂದರೆ ಈಸ್ಟರ್‌ವರೆಗೆ ತಪಸ್ಸುಕಾಲ, ಮದುವೆಯಿಲ್ಲ. ಅದಾದ ಮೇಲೆ ಗಂಡಿನ ಕಡೆಯವರು ನಾಟಾ ದಿಮ್ಮಿ ಸಾಗಿಸಲು ದೂರದ ಕಾಡಿಗೆ ಹೋಗುವವರು. ಊರಿನವರು ಸುಗ್ಗಿಯ ಭತ್ತ ಕೊಟ್ಟು ಹಳಿಯಾಳದ ಸಾಹುಕಾರರ ಕಡೆಯಿಂದ ಮಂಗಳೂರು ಹಂಚು ತರಿಸಿದರು. ಗಾಡಿಗಳು ಹಳ್ಳದ ದಂಡೆಗೆ ಬಂದವೋ ಇಲ್ಲವೋ, ಮೂರೂ ಕೇರಿಯವರು ಸಾಲಾಗಿ ನಿಂತರು! ಹಂಚು ಕೈಯಿಂದ ಕೈಗೆ ಓಡತೊಡಗಿತು. ಮದುಮಗಳು ಬಿಸಿಲಿಗೆ ಬರಬಾರದೆಂದು ಅವ್ವ ನನ್ನನ್ನು ಒಳಗೆ ಕೂರಿಸಿದ್ದಳು. ನಾನು ಕೂರುವವಳೇ? ಹಿತ್ತಿಲಿಂದ ಜಾರಿ ಸಾಲಿನಲ್ಲಿ ಸೇರಿಕೊಂಡೆ. ಸ್ವಲ್ಪ ಹೊತ್ತಿಗೆ ನೋಡಿದರೆ ಗಾಡಿಯಿಂದ ಹಂಚು ಇಳಿಸುತ್ತಿರುವವನು ನನ್ನನ್ನು ಮದುವೆಯಾಗುವ ಹುಡುಗ! ಹಂಚೂ ಬಿಸಿ, ಮುಖವೂ ಬಿಸಿ. ಆ ದಿನದ ಸಂಭ್ರಮ ನನ್ನ ಮದುವೆಯಲ್ಲೂ ಇರಲಿಲ್ಲವೇನೋ.

ದೇವರ ತಲೆ ಮೊದಲು ತಣ್ಣಗಿರಲಿ ಎಂದು ಪೀಠದ ಕಡೆಯಿಂದಲೇ ಹೊದಿಸುತ್ತ ಬಂದರು. ಹಳೆಯ ಹುಲ್ಲನ್ನೆಲ್ಲ ಕಿತ್ತೆಸೆದರು. ಮದುವೆಯ ಹಿಂದಿನ ದಿನ ಕೊನೆಯ ಗಾಡಿ ಬರಬೇಕಿತ್ತು, ಅದು ಹಳ್ಳದ ಇಳಿಜಾರಿನಲ್ಲಿ ಮಗುಚಿತು. ಎತ್ತುಗಳಿಗೆ ಏನೂ ಆಗಲಿಲ್ಲ, ಹಂಚೆಲ್ಲ ಪುಡಿ. ಇಗರ್ಜಿಯ ಅರ್ಧಕ್ಕೆ ಹಂಚು, ಇನ್ನರ್ಧಕ್ಕೆ ಬರೀ ತೊಲೆ. ನಾನು ಗೋಳೋ ಎಂದು ಅತ್ತೆ.

"ದೇವರ ತಲಿ ಮ್ಯಾಲ ಹಂಚ ಬಂದಾವ ಇಲ್ಲೋ?" ಎಂದಳು ಅಜ್ಜಿ.

"ಬಂದಾವ."

"ಮತ್ತ ಯಾಕ ಅಳ್ತಿ? ಹೋಗಿ ಮಕ್ಕೋ."

ಮರುದಿನ ಪಾದ್ರಿಗಳು ಬಾಗಿಲಲ್ಲೇ ನಿಂತು ತಲೆಯೆತ್ತಿದರು. ಮೇಲೆ ನೀಲಿ ಆಕಾಶ. "ಇದು ಪೂರ್ತಿಯಾಗಿಲ್ಲವಲ್ಲ, ಮದುವೆ ಹೇಗೆ ಮಾಡಿಸಲಿ?" ಎಂದರು.

ಅಜ್ಜಿ ಕೋಲೂರಿಕೊಂಡು ಮುಂದೆ ಬಂದಳು. "ಫಾದರ, ಹುಲ್ಲಿನ ಕೆಳಗ ಮದಿವಿ ಮಾಡ್ಸೂದಿಲ್ಲ ಅಂದಿದ್ರಿ. ಹುಲ್ಲ ಎಲ್ಲೈತಿ ತೋರಸ್ರಿ."

"ಹುಲ್ಲಿಲ್ಲ," ಎಂದರು ಅವರು.

"ಹುಡುಗ ಹುಡುಗಿ ನಿಂದ್ರೂ ಜಾಗಾದಾಗ ಹಂಚ ಐತಿಲ್ಲ? ಮತ್ತ ನಡೀರಿ, ಮಂದಿಗೆ ಬಿಸಲ ಆಗ್ತೈತಿ."

ಪಾದ್ರಿಗಳು ಗಡ್ಡ ನೀವಿಕೊಂಡು ಸೀದಾ ಪೀಠದ ಕಡೆ ನಡೆದರು. ನಾವಿಬ್ಬರು ಹಂಚಿನ ನೆರಳಿನಲ್ಲಿ ನಿಂತೆವು, ಊರೆಲ್ಲ ಬಿಸಿಲಿನಲ್ಲಿ. ಈ ಹುಡುಗ ನಿನಗೆ ಒಪ್ಪಿಗೆಯೇ ಎಂದು ಕೇಳಿದರು. ಮೆಲ್ಲಗೆ ಹೇಳಬೇಕೆಂದು ಅವ್ವ ಎಷ್ಟೋ ಸಲ ಹೇಳಿಕೊಟ್ಟಿದ್ದಳು. ನಾನು "ಹೂಂ!" ಎಂದದ್ದು ಹಳ್ಳದಾಚೆಗೂ ಕೇಳಿಸಿರಬೇಕು.

ಅದೇ ಕ್ಷಣ ಬೆನ್ನ ಹಿಂದೆ ಡಮಾಮ್ ಮೊಳಗಿತು! ಯಾವ ಮಾಯದಲ್ಲಿ ತಂದಿದ್ದಳೋ, ಅಜ್ಜಿ ಇಗರ್ಜಿಯೊಳಗೇ ನೆಲದ ಮೇಲೆ ಕೂತು ಬಾರಿಸುತ್ತಿದ್ದಳು. ಪಾದ್ರಿಗಳು ಥಟ್ಟನೆ ತಿರುಗಿ ನೋಡಿದರು.

ಕೈ ನಿಲ್ಲಿಸದೆ ಅವಳು ಗದ್ದ ಮೇಲೆತ್ತಿದಳು. "ಚಾವಣಿ ಕೆಳಗ ಬ್ಯಾಡ ಅಂದಿದ್ರಿ, ಫಾದರ. ನನ್ನ ಮ್ಯಾಲ ಚಾವಣಿ ಎಲ್ಲೈತ್ರಿ?"

ಅವರಿಗೆ ನಗು ತಡೆಯಲಾಗಲಿಲ್ಲ. ಪುಸ್ತಕ ಮುಖಕ್ಕೆ ಅಡ್ಡ ಹಿಡಿದರು. ಅಜ್ಜಿಯ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ನಾನೂ ಅತ್ತೆ, ಖುಷಿಗೆ.

ಮುಂದಿನ ವಾರವೇ ಪುಡಿಯಾದದ್ದರ ಬದಲಿಗೆ ಬೇರೆ ಹಂಚು ಬಂತು. ಏಣಿ ಇಟ್ಟವರನ್ನು ಅಜ್ಜಿ ಗದರಿಸಿ ಇಳಿಸಿದಳು. "ಅವಸರ ಏನೈತಿ? ಊರಾಗ ಇನ್ನಾ ಹುಡುಗ್ಯಾರ ಅದಾರ."

ಈಸ್ಟರ್ ಕಳೆದು ಮಳೆ ಹಿಡಿಯುವುದರೊಳಗೆ ನನ್ನ ಗೆಳತಿಯರ ಮದುವೆಗಳೆಲ್ಲ ಆ ಬಿಸಿಲಿನಲ್ಲೇ ಡಮಾಮ್ ಸಮೇತ ಆದವು. ಪ್ರತಿ ಸಲ ಪಾದ್ರಿಗಳು ತಲೆಯೆತ್ತಿ ನೋಡಿ, ಹಂಚು ಇನ್ನೂ ಬಂದಿಲ್ಲವೇ ಎಂದು ಕೇಳುತ್ತಿದ್ದರು. "ಎಲ್ಲೀದ್ರಿ ಫಾದರ, ಯುದ್ಧದ ಕಾಲ," ಎನ್ನುತ್ತಿದ್ದಳು ಅಜ್ಜಿ. ಹಂಚಿನ ರಾಶಿ ಇಗರ್ಜಿಯ ಹಿಂದೆಯೇ ಆಳೆತ್ತರಕ್ಕೆ ಇತ್ತು. ಪಾದ್ರಿಗಳು ಆ ಕಡೆ ಹೋಗಲೇ ಇಲ್ಲ.