ಹಂಪಸಾಗರಕ್ಕೆ ಹೋದ ಕಬ್ಬಿಣದ ಸೀಗಡಿ

ಕೂಡ್ಲಿಗಿಯಲ್ಲಿ ಆ ಯಂತ್ರವನ್ನು ಬಸ್ಸಿಗೆ ಹತ್ತಿಸಲು ನಾವಿಬ್ಬರೂ ಕೈ ಹಾಕಬೇಕಾಯಿತು. ಗೋಣಿಚೀಲವನ್ನು ಕಾಲಿನಿಂದ ತಳ್ಳಿ ನೋಡಿದ ಕಂಡಕ್ಟರ್, ಒಳಗೇನಿದೆ ಎಂದು ಕೇಳಿದ.

"ಸೀಗಡಿ," ಎಂದರು ಮಹಬೂಬ್ ಸಾಬ್.

"ಇಷ್ಟು ವಜ್ಜಿ ಸೀಗಡಿ?"

"ಸಮುದ್ರದ್ದು. ಹೊಡೀತೈತಿ, ದೂರ ನಿಂದ್ರು."

ಕಂಡಕ್ಟರ್ ನಕ್ಕರೂ ಲಗೇಜ್ ಟಿಕೆಟ್ ಹರಿದೇ ಕೊಟ್ಟ.

ಮಹಬೂಬ್ ಸಾಬ್ ಪಂಪ್‌ಸೆಟ್ ರಿಪೇರಿಯವರು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ಸಮುದ್ರದ ಸೀಗಡಿಯೊಂದು ಒಂದೇ ಏಟಿಗೆ ಚಿಪ್ಪು ಒಡೆಯುವುದನ್ನು ಟಿವಿಯಲ್ಲಿ ಕಂಡು ಅವರು ನನ್ನಲ್ಲಿಗೆ ಬಂದಿದ್ದರು. "ನೀರಾಗ ಸುತ್ತಿಗಿ ಬೀಸಿದ್ರ ಏಟು ಸತ್ತು ಹೋಗ್ತೈತ್ರಿ. ಅದರ ಏಟು ಯಾಕ ಸಾಯಂಗಿಲ್ಲ?" ಆ ಜೀವಿ ತೋಳನ್ನು ಬಿಲ್ಲಿನಂತೆ ಬಿಗಿದು, ಕೊಂಡಿ ಹಾಕಿಟ್ಟು, ಒಮ್ಮೆಲೇ ಬಿಡುತ್ತದೆ ಎಂದು ಚಿತ್ರ ತೋರಿಸಿ ಹೇಳಿದ್ದೆ. ಅವರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಅಂಥದೇ ತೋಳು ಮಾಡಿದರು. ಜಾಕ್ ಹಾಕಿ ಬಿಗಿಯಬೇಕು; ಹಗ್ಗ ಎಳೆದರೆ ಕೊಂಡಿ ಕಳಚಿ ಬಡಿಯುತ್ತದೆ.

ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ಮಂಡಕ್ಕಿ, ಮಿರ್ಚಿ ತಿಂದೆವು. ಹಗರಿಬೊಮ್ಮನಹಳ್ಳಿಯಿಂದ ಹಂಪಸಾಗರಕ್ಕೆ ಟೆಂಪೊ ಸಿಕ್ಕಿತು. ಬೇಸಿಗೆಯ ಗಾಳಿ ಮುಖ ಸುಡುತ್ತಿತ್ತು.

ಅಲ್ಲಿ ಹಾಲಪ್ಪನೆಂಬ ರೈತ ಕಾಯುತ್ತಿದ್ದ. ಅಣೆಕಟ್ಟಿನ ಹಿನ್ನೀರು ಇಳಿದಂತೆ ಅವನು ತನ್ನ ಪಂಪಿನ ಪೈಪನ್ನು ಮುಂದಕ್ಕೆ ಜೋಡಿಸಬೇಕು. ಜೋಡಣೆಯ ಪಿನ್ನು ತುಕ್ಕು ಹಿಡಿದು, ಎದೆಮಟ್ಟದ ನೀರಿನಡಿ ಕಚ್ಚಿಕೊಂಡಿತ್ತು; ಅದನ್ನು ಬಡಿದು ಹೊರಗೆ ತಳ್ಳದೆ ಪೈಪು ಬಿಚ್ಚುವಂತಿರಲಿಲ್ಲ.

ನೀರಿಗಿಳಿದು, ಯಂತ್ರವನ್ನು ಪೈಪಿಗೆ ಬಿಗಿದು ಮೊದಲ ಏಟು ಬಿಟ್ಟೆವು. ಸದ್ದು ಕಿವಿಗೆ ಬೀಳಲಿಲ್ಲ, ನೀರೇ ಎದೆಗೆ ಗುದ್ದಿತು. ಪಿನ್ನು ಅರ್ಧ ಸರಿದಿತ್ತು.

"ಸಾಬ್ರ, ನಿಮ್ಮ ಸೀಗಡಿಗೆ ನಮ್ಮೂರಾಗ ಹೆಣ್ಣು ನೋಡಾನೇನ್ರಿ?" ಎಂದ ಹಾಲಪ್ಪ. ಸಾಬರು ನಾಚಿದವರಂತೆ ನಕ್ಕರು.

ತೋಳನ್ನು ಮತ್ತೆ ಜಾಕಿನಿಂದ ಬಿಗಿದು, ಎರಡನೆಯ ಸಲ ಹಗ್ಗ ಎಳೆದೆ. ಕೊಂಡಿ ಕಳಚಲಿಲ್ಲ.

"ಕೆಸರು ಹೊಕ್ಕೈತಿ. ಹಗ್ಗ ಸಡ್ಲ ಬಿಡ್ರಿ ಸಾರ್," ಎಂದು ಸಾಬರು ಬಗ್ಗಿದರು.

ಬಿಟ್ಟೆ. ಅಷ್ಟು ಸ್ಪಷ್ಟವಾಗಿದೆ. ಆಮೇಲಿನದು ನೆನಪಿನಲ್ಲಿ ಪ್ರತಿಸಲವೂ ಬೇರೆ: ಒಮ್ಮೆ ಹಗ್ಗ ನೀರಿನ ಮೇಲೆ ತೇಲುತ್ತಿರುತ್ತದೆ, ಇನ್ನೊಮ್ಮೆ ನನ್ನ ಮುಷ್ಟಿಯಲ್ಲಿ ಬಿಗಿದಿರುತ್ತದೆ. ಭುಜದವರೆಗೂ ಅವರ ಕೈ ನೀರೊಳಗಿತ್ತು. ಎದೆಗೆ ಮತ್ತೆ ಅದೇ ಗುದ್ದು.

ಸಾಬರು ನೆಟ್ಟಗೆ ನಿಂತರೂ ಆ ಕೈಯನ್ನು ಮೇಲೆತ್ತಲಿಲ್ಲ. ಸುತ್ತಲಿನ ನೀರು ಕೆಂಪಾಗುತ್ತಿತ್ತು. "ನೀವು ನೋಡಬ್ಯಾಡ್ರಿ ಸಾರ್," ಎಂದರು.

ಹಾಲಪ್ಪ ಪಂಚೆ ಹರಿದು ಕಟ್ಟಿದ. ಜೀಪಿನಲ್ಲಿ ಹಗರಿಬೊಮ್ಮನಹಳ್ಳಿಯ ಆಸ್ಪತ್ರೆ ಮುಟ್ಟಿದೆವು. ಡಾಕ್ಟರು ಕಟ್ಟು ಬಿಚ್ಚಿ ನೋಡಿ, ಅಂಗೈ ಉಳಿಯುವುದಿಲ್ಲವೆಂದು ನನ್ನನ್ನು ಹೊರಗೆ ಕರೆದು ಹೇಳಿ, ಸಾಬರನ್ನು ಬಳ್ಳಾರಿಗೆ ಕಳಿಸಿದರು. ಹಾಲಪ್ಪ ಜೊತೆಗೆ ಹೋದ. ಸಾಬರ ಮನೆಗೆ ತಿಳಿಸಲು ನಾನು ಕೂಡ್ಲಿಗಿಯ ಬಸ್ಸು ಹತ್ತಿದೆ. ದಾರಿಯ ಒಂದೂರೂ ನನಗೆ ನೆನಪಿಲ್ಲ.

ಅವರ ಹೆಂಡತಿ ಶಮೀಮಾ ರಿಪೇರಿ ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದರು. ಜೀವಕ್ಕೆ ಅಪಾಯವಿಲ್ಲ, ಕೈಗೆ ಪೆಟ್ಟಾಗಿದೆ ಎಂದೆ. ಅವರು ಕೊಡ ಕೆಳಗಿಟ್ಟರು.

"ಯಾವ ಕೈರಿ ಸಾರ್?"

ನನ್ನ ಬಲಗೈಯನ್ನೇ ಎತ್ತಿ ತೋರಿಸಿದೆ.