ಪಡುವಣಕ್ಕೆ ಹೊರಟ ಪೆಟ್ಟಿಗೆ

ಬೀರುವಿನ ನೆತ್ತಿಯ ಮೇಲೆ ಏನಿದೆಯೆಂದು ನೋಡಲು ಸ್ಟೂಲು ಹತ್ತಬೇಕು. ಸ್ಟೂಲು ಹತ್ತಲು ನನ್ನ ವಯಸ್ಸಿನವರಿಗೆ ಬಲವಾದ ಒಂದು ಪ್ರೇರಣೆ ಬೇಕು. ನಿನ್ನೆ ಬೆಳಿಗ್ಗೆ ನನಗೆ ಒದಗಿದ ಪ್ರೇರಣೆ ಚಳಿ. ಕಾರ್ತಿಕದಲ್ಲಿ ನಮ್ಮ ಚಿಂತಾಮಣಿಯ ಬೆಟ್ಟದ ಬಂಡೆಗಳು ಕೂಡ ಒಂದಕ್ಕೊಂದು ಒತ್ತಿಕೊಂಡು ಬೆಚ್ಚಗೆ ಕೂತಂತೆ ಕಾಣುತ್ತವೆ. ಕಾರ್ಡಿಗನ್ ಬೇಕು, ಕಾರ್ಡಿಗನ್ ಸೂಟ್‌ಕೇಸಿನಲ್ಲಿದೆ, ಸೂಟ್‌ಕೇಸು ಬೀರುವಿನ ಮೇಲಿದೆ ಎಂದು ತರ್ಕದ ಮೆಟ್ಟಿಲುಗಳನ್ನು ಸಲೀಸಾಗಿ ಏರಿ, ಆಮೇಲೆ ಮೊಣಕಾಲುಗಳ ಅನುಮತಿ ಪಡೆದು ಸ್ಟೂಲನ್ನೂ ಏರಿ ನೋಡಿದರೆ, ಅಲ್ಲಿ ಧೂಳಿನ ನಡುವೆ ಸೂಟ್‌ಕೇಸಿನ ಅಳತೆಯ ಶುಭ್ರವಾದ ಒಂದು ಆಯತ ಮಾತ್ರ ಇತ್ತು. ಬೂದು ಸಮುದ್ರದ ಮಧ್ಯೆ ಒಂದು ದ್ವೀಪ. ದ್ವೀಪ ಎಂಬ ಪದ ಮನಸ್ಸಿಗೆ ಬಂದದ್ದೇ ತಡ, ನನ್ನ ಹಳೆಯ ಸಿಟ್ಟು ಸ್ಟೂಲಿನ ಸಹಾಯವಿಲ್ಲದೆಯೇ ನೆತ್ತಿಗೇರಿತು.

ಆ ಸಿಟ್ಟಿನ ವಂಶಾವಳಿಯನ್ನು ಹೇಳಬೇಕಾದರೆ ಬೆಂಗಳೂರಿನ ಕಂಟೋನ್ಮೆಂಟಿನ ಒಂದು ಕಾನ್ವೆಂಟಿಗೆ ಹೋಗಬೇಕು. ಅಲ್ಲಿ ಸಿಸ್ಟರ್ ಆಗ್ನೆಸ್ ಎಂಬುವರು ಬೆತ್ತದ ತುದಿಯಿಂದ ಗೋಡೆಯ ಭೂಪಟವನ್ನು ತಟ್ಟುತ್ತ, ಗರ್ಲ್ಸ್, ದಿ ಏಜಿಯನ್ ಸೀ ಅನ್ನುತ್ತಿದ್ದರು. ನೀಲಿ ಫ್ರಾಕಿನ ಮಡಿಲಲ್ಲಿ ಬಿಸ್ಕತ್ತಿನ ಚೂರುಗಳು ಉದುರಿದ ಹಾಗೆ ಅಲ್ಲಿ ಗ್ರೀಸಿನ ದ್ವೀಪಗಳಿದ್ದವು. ಪಕ್ಕದಲ್ಲಿ ಕೂತಿದ್ದ ಡ್ಯಾಫ್ನಿ, ಒಂದಲ್ಲ ಒಂದು ದಿನ ನಾವಿಬ್ಬರೂ ಅಲ್ಲಿಗೆ ಬೋಟಿನಲ್ಲಿ ಹೋಗೋಣ ಎಂದು ಕಿವಿಯಲ್ಲಿ ಉಸುರಿದಳು. ನಾನು ಗಾಡ್ ಪ್ರಾಮಿಸ್ ಅಂದೆ. ಆಮೇಲೆ ಡ್ಯಾಫ್ನಿ ಆಸ್ಟ್ರೇಲಿಯಾಕ್ಕೆ ಹೋಗಿ ಹೆರಾಲ್ಡ್ ಎಂಬ ದೋಣಿಹುಚ್ಚಿನ ಮನುಷ್ಯನನ್ನು ಮದುವೆಯಾದಳು. ನಾನು ಚಿಂತಾಮಣಿಗೆ ಬಂದು ಒಬ್ಬ ವಕೀಲರನ್ನು ಮದುವೆಯಾದೆ. ಇದು ನದಿಯೂ ಇಲ್ಲದ, ಕಡಲಂತೂ ಕನಸಿಗೂ ಬಾರದ, ಕೆರೆಗಳಲ್ಲಿ ನೀರಿಗಿಂತ ಜಾಲಿಯೇ ಹೆಚ್ಚಾಗಿ ಬೆಳೆಯುವ ಸೀಮೆ. ಇಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ, ಐಲ್ಯಾಂಡ್ ಅನ್ನುವಾಗ ಎಸ್ ಸೈಲೆಂಟ್ ಎಂದು ಸರ್ವೀಸ್ ಪೂರ್ತಿ ಪಾಠ ಹೇಳಿ, ಆ ಎಸ್ಸಿನಷ್ಟೇ ಸೈಲೆಂಟಾಗಿ ರಿಟೈರಾದೆ.

ರಿಟೈರಾದ ವರ್ಷ ಡ್ಯಾಫ್ನಿಯ ಕಾಗದ ಬಂತು. ಪ್ರತಿ ಬೇಸಿಗೆಗೆ ಅವರು ಗ್ರೀಸಿನಲ್ಲಿ ಒಂದು ಹಾಯಿದೋಣಿಯನ್ನು ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾರಂತೆ, ಮಲಗಲು ಎರಡು ಜಾಗ ಖಾಲಿ ಇವೆಯಂತೆ, ಪ್ರಾಮಿಸ್ ಜ್ಞಾಪಕವಿದೆಯೇ ಅಂತ. ನನ್ನ ಪ್ರಾವಿಡೆಂಟ್ ಫಂಡು ನನ್ನದೇ ಆಗಿದ್ದುದರಿಂದ ನಮ್ಮ ಮನೆಯವರು ವಾದಿಸಲು ಲಾ ಪಾಯಿಂಟ್ ಸಿಗದೆ ಒಪ್ಪಿದರು. ಆದರೆ ಏಜೆಂಟು ಕೊಟ್ಟ ಟಿಕೆಟ್ಟು ಶುಕ್ರವಾರದ್ದು.

ಈಗ ನಮ್ಮ ಅತ್ತೆಯವರು ಪ್ರವೇಶಿಸುತ್ತಾರೆ. ಗ್ರೀಸ್ ಯಾವ ದಿಕ್ಕು ಎಂಬುದೊಂದನ್ನು ಬಿಟ್ಟು ಅವರು ಬೇರೇನೂ ಕೇಳಲಿಲ್ಲ. ಪಡುವಣ ಅಂದೆವು. ಶುಕ್ರವಾರ ಪಡುವಣಕ್ಕೆ ಶೂಲೆ, ಹೊರಡುವಂತಿಲ್ಲ. ವಿಮಾನ ಕಾಯುವುದಿಲ್ಲ. ಇಂಥ ಧರ್ಮಸಂಕಟಕ್ಕೆ ನಮ್ಮಲ್ಲಿ ಹಳೆಯ ಪರಿಹಾರವೊಂದಿದೆ, ಅದರ ಹೆಸರು ಪ್ರಸ್ಥಾನ. ಮನುಷ್ಯ ಹೊರಡುವ ದಿನ ಕೆಟ್ಟದ್ದಿದ್ದರೆ, ಅದಕ್ಕೆ ಮುಂಚೆಯೇ ಒಳ್ಳೆಯ ಗಳಿಗೆ ನೋಡಿ ಅವನ ಗಂಟನ್ನು ಹೊರಡಿಸಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊರಟರೆ ಮನುಷ್ಯ ಹೊರಟ ಲೆಕ್ಕ. ಹೀಗೆ ನನ್ನ ಸೂಟ್‌ಕೇಸು ಬುಧವಾರ ಬೆಳಿಗ್ಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ರಸ್ತೆ ದಾಟಿ, ಎದುರುಮನೆ ರತ್ನಮ್ಮನವರ ನಡುಮನೆ ಸೇರಿತು. ನನ್ನ ಒಳ್ಳೆಯ ಕಾರ್ಡಿಗನ್, ಕ್ಯಾನ್‌ವಾಸ್ ಶೂ, ಓದುವ ಕನ್ನಡಕ ಎಲ್ಲವೂ ಅದರ ಜೊತೆಗೆ ಗ್ರೀಸಿಗೆ ಹೊರಟಾಗಿತ್ತು. ನಾನು ಮಾತ್ರ ಇನ್ನೂ ಚಿಂತಾಮಣಿಯಲ್ಲಿದ್ದೆ. ವೀಸಾ ಬರಲಿಲ್ಲ. ಡ್ಯಾಫ್ನಿ ಮುಂದಿನ ವರ್ಷ ಅಂದಳು.

ಸೂಟ್‌ಕೇಸನ್ನು ತರಲು ಹೋದರೆ ಅತ್ತೆಯವರು ಬಾಗಿಲಿಗೆ ಅಡ್ಡ ನಿಂತರು. ಹೊರಟ ಗಂಟು ಪ್ರಯಾಣ ಮುಗಿಸದೆ ಹಿಂದಕ್ಕೆ ಬರಬಾರದು. ಹಾಗೆಂದು ಒಂದೇ ಕಡೆ ಬಹಳ ದಿನ ಇಡಲೂ ಬಾರದಂತೆ. ಜೋಯಿಸರು ವೀಳ್ಯದೆಲೆಗೆ ಸುಣ್ಣ ಸವರುತ್ತ, "ನಿಂತರೆ ದೋಷ ಕಣಮ್ಮ, ಸಾಗಿದರೆ ದೋಷವಿಲ್ಲ. ಹಂಗೇ ಪಡುವಣದ ಕಡೆ ಸಾಗಿಸ್ತಾ ಇರಿ," ಅಂದರು. ಈ ಒಂದು ವಾಕ್ಯದಿಂದ ನನ್ನ ನೌಕಾಯಾನ ಪ್ರಾರಂಭವಾಯಿತು, ನಾನಿಲ್ಲದೆ.

ನಮ್ಮ ನೆಂಟರೆಲ್ಲ ಪಡುವಣಕ್ಕೆ ಸಾಲಾಗಿ ಹಬ್ಬಿರುವುದು ಇಂಥ ಉಪಯೋಗಕ್ಕೆ ಎಂದು ನಾನು ಎಣಿಸಿರಲಿಲ್ಲ. ಮೊದಲ ದ್ವೀಪ ಶಿಡ್ಲಘಟ್ಟ, ನಾದಿನಿ ಸರೋಜಳ ಮನೆ. ಆ ಮನೆಯಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳುಗಳಿಗೆ ಮರ್ಯಾದೆ ಹೆಚ್ಚು. ಅವು ಇರುವಾಗ ಮನೆಮಂದಿ ಪಡಸಾಲೆಯಲ್ಲಿ ಮಲಗುತ್ತಾರೆ, ಒಗ್ಗರಣೆಯ ವಾಸನೆ ಕೂಡ ಅವುಗಳ ಕಡೆ ಸುಳಿಯಬಾರದು. ಪೆಟ್ಟಿಗೆ ಹೋಗಿ ವಾರವಾಗಿರಲಿಲ್ಲ, ಫೋನು ಬಂತು.

"ಅತ್ತಿಗೆ, ನಿಮ್ಮ ಪೆಟ್ಟಿಗೇಲಿ ಏನಿಟ್ಟಿದೀರಿ?"

"ನುಸಿಗುಳಿಗೆ ಕಣೇ, ಉಣ್ಣೆ ಬಟ್ಟೆ ಇದೆಯಲ್ಲ."

"ಅಯ್ಯೋ ಅತ್ತಿಗೆ, ನಮ್ಮ ಹುಳ ನಾಕನೇ ಜ್ವರ ಮುಗಿಸಿ, ಪೊರೆ ಕಳಚಿ, ಈಗ ಎದ್ದು ಸೊಪ್ಪು ತಿಂತಾವೆ. ಇದು ನುಸಿ, ಇದು ರೇಷ್ಮೆ ಅಂತ ನಿಮ್ಮ ಗುಳಿಗೆಗೆ ಭೇದ ಗೊತ್ತಾಗುತ್ತಾ? ದನದ ಕೊಟ್ಟಿಗೇಲಿ ಇಡಿಸಿದೀನಿ, ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಲಿಲ್ಲ. ಏಜಿಯನ್ ಸಮುದ್ರದ ಗಾಳಿಗೆಂದು ಹೆಣೆದ ಕಾರ್ಡಿಗನ್ ಎಮ್ಮೆಯ ಗಾಳಿ ಕುಡಿಯುತ್ತಿದೆ ಎಂದು ಡ್ಯಾಫ್ನಿಗೆ ಬರೆದೆ. ಅವಳು, ಬಫೆಲೋ ಎಂಬುದು ನಿಮ್ಮಲ್ಲಿ ಹೋಟೆಲಿನ ಹೆಸರೇ ಎಂದು ಕೇಳಿದಳು. ತೊಂಬತ್ತರ ಆಗಸ್ಟಿನಲ್ಲಿ ಇನ್ನೇನು ಹೊರಡಬೇಕು, ಗಲ್ಫಿನಲ್ಲಿ ಯುದ್ಧದ ಮೋಡ. ಮನೆಯವರು ರೇಡಿಯೋಗೆ ಕಿವಿ ಹಚ್ಚಿ, "ಎರಡು ದೇಶದ ಜಗಳದ ಮೇಲೆ ಹಾರೋ ಅಂಥದ್ದೇನಿದೆಯೇ ಅಲ್ಲಿ?" ಅಂದರು. ಟಿಕೆಟ್ಟು ರದ್ದಾಯಿತು, ಪೆಟ್ಟಿಗೆ ಮುಂದಕ್ಕೆ ಸಾಗಿತು.

ಎರಡನೆಯ ದ್ವೀಪ ಚಿಕ್ಕಬಳ್ಳಾಪುರ. ಓರಗಿತ್ತಿ ವಿಮಲ ಸುಸಂಸ್ಕೃತೆ. ಸೂಟ್‌ಕೇಸಿಗೆ ಕ್ರೋಶೆಯ ಹೊದಿಕೆ ಹಾಕಿ ಅದರ ಮೇಲೆ ಹೊಸ ಟಿವಿಯನ್ನು ಕೂರಿಸಿದಳು. ಮಾರನೆಯ ವರ್ಷ ನಾನು ಶೂ ಸರಿಹೋಗುತ್ತದೋ ಇಲ್ಲವೋ ನೋಡೋಣವೆಂದು ಬಸ್ಸು ಹತ್ತಿ ಅಲ್ಲಿಗೆ ಹೋದರೆ, "ಅಕ್ಕ, ಈಗ ಟಿವಿ ಎತ್ತಿದರೆ ಆಂಟೆನಾ ಹೊಂದಿಸೋಕೆ ಮತ್ತೆ ಒಬ್ಬರು ಮಾಳಿಗೆ ಹತ್ತಬೇಕು. ಭಾನುವಾರದ ಸೀರಿಯಲ್ಲು ಮುಗೀಲಿ, ಆಮೇಲೆ ತೆಗೆಯಣ," ಅಂದಳು. ಆ ಸೀರಿಯಲ್ಲು ಮುಗಿಯುವ ಜಾತಿಯದಾಗಿರಲಿಲ್ಲ. ನನ್ನ ಸಾಮಾನಿನ ಮೇಲೆ ರಾಜಮಹಾರಾಜರು ಯುದ್ಧ ಮಾಡುವುದನ್ನು ನಾನು ಕಾಫಿ ಕುಡಿಯುತ್ತ ನೋಡಿ ಬರಿಗೈಯಲ್ಲಿ ವಾಪಸು ಬಂದೆ. ಆ ಬೇಸಿಗೆಗೆ ಸರಿಯಾಗಿ ಮನೆಯವರ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಪೆಟ್ಟಿಗೆ ಮತ್ತೆ ಮುಂದಕ್ಕೆ.

ಮೂರನೆಯದು ಗೌರಿಬಿದನೂರು, ಮನೆಯವರ ದೊಡ್ಡಪ್ಪನ ಮಗ ನಾಗರಾಜನ ಮನೆ. ಅಲ್ಲಿ ಮಗಳ ಮದುವೆ. ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮೂಲೆಯಲ್ಲಿ ಕೂತಿರುವ ಸೂಟ್‌ಕೇಸನ್ನು ಮದುವೆಮನೆಯಲ್ಲಿ ಯಾರು ತಾನೇ ಗ್ರೀಸಿನದು ಎಂದುಕೊಂಡಾರು? ಅದು ಹೆಣ್ಣಿನ ಸಾಮಾನಿನ ಜೊತೆ ಹಿಂದೂಪುರಕ್ಕೆ ನಡೆಯಿತು. ಮದುಮಗಳು ಅತ್ತೆಮನೆಯಲ್ಲಿ ಮೊದಲ ಬಾರಿಗೆ ಪೆಟ್ಟಿಗೆ ತೆರೆದಾಗ ಸಿಕ್ಕಿದ್ದು ಒಬ್ಬ ನಿವೃತ್ತ ಮೇಡಮ್ಮಿನ ಉಣ್ಣೆಯ ಕಾಲುಚೀಲ ಮತ್ತು ಪಾಸ್‌ಪೋರ್ಟು. ಹೌದು, ಪಾಸ್‌ಪೋರ್ಟನ್ನು ವೀಸಾ ಬಿದ್ದ ಮೇಲೆ ಜೋಪಾನವಾಗಿರಲೆಂದು ಗೌರಿಬಿದನೂರಿಗೆ ಹೋಗಿ ನಾನೇ ಅದರಲ್ಲಿ ಇಟ್ಟಿದ್ದೆ. ಹಿಂದೂಪುರ ಬಡಗಣ ದಿಕ್ಕು; ಪಡುವಣಕ್ಕೆ ಹೊರಟದ್ದು ಬಡಗಣಕ್ಕೆ ಹೋದರೆ ಹಿಂದಕ್ಕೆ ಬಂದ ಲೆಕ್ಕವೋ, ಬಳಸಿಕೊಂಡು ಹೋದ ಲೆಕ್ಕವೋ ಎಂದು ಜೋಯಿಸರು ಪಂಚಾಂಗ ನೋಡಿ ಮುಗಿಸುವುದರೊಳಗೆ ನನ್ನ ವಿಮಾನ ಹಾರಿಹೋಗಿತ್ತು, ಪೆಟ್ಟಿಗೆ ನಾಗರಾಜನ ಮನೆಗೆ ಮರಳಿತ್ತು.

ಆ ವರ್ಷ ಅವರೆಕಾಯಿಯ ಕಾಲದಲ್ಲಿ ಡ್ಯಾಫ್ನಿಯ ಇನ್ನೊಂದು ಕಾಗದ ಬಂತು. ತಮಾಷೆಯಿಲ್ಲದ ಕಾಗದ. ಹೆರಾಲ್ಡನ ಹೃದಯ ಸರಿಯಿಲ್ಲ, ಬರುವ ಬೇಸಿಗೆಯೇ ಕಡೆಯದು, ಆಮೇಲೆ ದೋಣಿ ಬೇಡವೆಂದು ಡಾಕ್ಟರು ಹೇಳಿದ್ದಾರೆ. ಬರುವುದಾದರೆ ಈಗ ಬಾ, ಇಲ್ಲದಿದ್ದರೆ ಭೂಪಟ ನೋಡಿಕೊಂಡಿರೋಣ ಎಂದು ಬರೆದಿದ್ದಳು. ಕೆಳಗೆ, ಹಾಯಿದೋಣಿಯಲ್ಲಿ ಇಡಲು ಜಾಗವಿಲ್ಲ, ಗಟ್ಟಿ ಸೂಟ್‌ಕೇಸು ಮಾತ್ರ ತರಬೇಡ, ಮಡಚುವಂಥ ಬಟ್ಟೆಯ ಚೀಲ ಸಾಕು ಎಂದು ಪಿ.ಎಸ್.

ನಾನು ಕಾಗದವನ್ನು ಮನೆಯವರಿಗೆ ಓದಿ ಹೇಳಿ ಮಡಿಸಿಟ್ಟೆ. ಅವರು ಮೆಲ್ಲಗೆ, "ನನಗೆ ಕೆರೆ ಏರಿ ಮೇಲೆ ನಡೆದರೇನೇ ತಲೆ ಸುತ್ತುತ್ತೆ. ನಾನಂತೂ ಬರೋದಿಲ್ಲಪ್ಪ. ನೀನೊಬ್ಬಳೇ ಹೋಗ್ತೀಯಾ, ಈ ವಯಸ್ಸಿನಲ್ಲಿ?" ಅಂದರು. ಅವರ ದನಿಯಲ್ಲಿ ಕೆಡುಕಿರಲಿಲ್ಲ; ಅದೇ ನನ್ನನ್ನು ಸೋಲಿಸಿತು. ಸಾಕು, ನಾಗರಾಜನಿಗೆ ಫೋನು ಮಾಡಿ ಪೆಟ್ಟಿಗೆ ತರಿಸಿಬಿಡಿ, ಹೋಗೋದಿಲ್ಲ ಅಂದೆ. ಮನೆಯವರ ಮುಖ ಎಣ್ಣೆ ಹಚ್ಚಿದ ಬಾಗಿಲಿನಂತೆ ಸಡಿಲವಾಯಿತು.

ಅತ್ತೆಯವರು ನಡುಮನೆಯಲ್ಲಿ ಕಾಲು ಚಾಚಿ, ನೆನೆಹಾಕಿದ ಅವರೆಕಾಳನ್ನು ಹಿದುಕುತ್ತಿದ್ದರು. ತಲೆಯೆತ್ತದೆ, "ಬರಂಗಿಲ್ಲ," ಅಂದರು.

ನನ್ನ ಸಹನೆ ಅಲ್ಲಿಗೆ ಕಿತ್ತುಹೋಯಿತು. "ಅತ್ತೆ, ಬಂದರೆ ಏನಾಗುತ್ತೆ? ಯಾರಿಗೆ ಏನಾಗುತ್ತೆ ಅಂತ ಹೇಳಿಬಿಡಿ ಇವತ್ತು," ಅಂದೆ. ಯಾವುದೋ ಸಾವಿನ ಕಥೆ ಬರುತ್ತದೆಂದು ಕಾದೆ.

"ನಾನು ಈ ಮನೆಗೆ ಬಂದ ಹೊಸದರಲ್ಲಿ ನಿಮ್ಮ ಮಾವನೋರು ಕಾಶಿಗೆ ಅಂತ ಗಂಟು ಆಚೆ ಇಡಿಸಿದ್ರು. ಅಷ್ಟರಲ್ಲಿ ಊರಿಗೆ ಪ್ಲೇಗು ಬಂತು. ಎಲ್ಲಾ ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಕೂತ್ವಿ. ತಿರುಗಿ ಮನೆಗೆ ಬಂದಾಗ ಗಂಟು ವಾಪಸ್ಸು ತಂದು ಬಿಚ್ಚಿದೆ."

"ಆಮೇಲೆ?"

"ಆಮೇಲೇನಿಲ್ಲ."

"ಯಾರಿಗೂ ಕೆಟ್ಟದ್ದಾಗಲಿಲ್ವಾ?"

"ಇಲ್ಲ ಕಣಮ್ಮ. ಕೆಟ್ಟದ್ದೂ ಆಗಲಿಲ್ಲ, ಒಳ್ಳೇದೂ ಆಗಲಿಲ್ಲ. ಏನೂ ಆಗಲಿಲ್ಲ. ಅದನ್ನೇ ನಾನು ಹೇಳ್ತಿರೋದು. ಗಂಟು ಒಳಗೆ ಬಂತು, ಕಾಶಿ ಮಾತು ಅಲ್ಲಿಗೆ ಮುಗೀತು." ಬೆರಳ ನಡುವಿನಿಂದ ಒಂದು ಕಾಳು ಸಿಪ್ಪೆ ಬಿಟ್ಟು ಪುಳಕ್ಕನೆ ಬೋಗುಣಿಗೆ ಹಾರಿತು. ಆಮೇಲೆ ಮಗನ ಕಡೆ ತಿರುಗಿ, "ಗೌರಿಬಿದನೂರಾಚೆಗೆ ನಮ್ಮೋರು ಯಾರಿದಾರಪ್ಪ?" ಅಂದರು.

"ಯಾರೂ ಇಲ್ಲಮ್ಮ."

"ಮತ್ತಿನ್ನೇನು, ಸಮುದ್ರಾನೇ. ಕಳ್ಸು ಅವಳನ್ನ." ನನಗೆ ತಮ್ಮ ತವರಿನ ತೆಲುಗಿನಲ್ಲಿ, "ಪೋಯಿ ರಾಮ್ಮಾ," ಅಂದರು. ಹೋಗಿ ಬಾ ಎಂದು.

ನಾಲ್ಕು ವರ್ಷ ನಾನು ಯಾವ ಶಾಸ್ತ್ರವನ್ನು ಹಲ್ಲು ಕಡಿದು ಶಪಿಸಿದ್ದೆನೋ, ಆ ಶಾಸ್ತ್ರವೊಂದೇ ನನ್ನ ಯಾತ್ರೆಯನ್ನು ಜೀವಂತವಾಗಿ ಇಟ್ಟಿತ್ತೆಂದು ಆ ಗಳಿಗೆಯಲ್ಲಿ ಹೊಳೆದು ನನಗೆ ಅವಮಾನವೇ ಆಯಿತು. ವೀಸಾ, ಯುದ್ಧ, ಕಣ್ಣಿನ ಪೊರೆ, ಗಂಡನ ಮಮತೆ, ನನ್ನ ಕಾನ್ವೆಂಟಿನ ಸುವಿಚಾರ, ಎಲ್ಲವೂ ಬಹಳ ರೀಸನಬಲ್ ಆಗಿ ನನ್ನನ್ನು ಮನೆಯಲ್ಲಿ ಕೂರಿಸಲು ನೋಡಿದ್ದವು. ಹಟ ಹಿಡಿದದ್ದು ಮೂಢನಂಬಿಕೆಯೊಂದೇ.

ಹೋದೆ. ಒಬ್ಬಳೇ ಹೋದೆ. ಪೆಟ್ಟಿಗೆಯನ್ನು ಗೌರಿಬಿದನೂರಿನಿಂದಲೇ ಬೆಂಗಳೂರಿಗೆ ತರಿಸಿಕೊಂಡು ಜೊತೆಗೆ ಒಯ್ದೆ. ದೋಣಿಯವರು ಅದನ್ನು ನೋಡಿ ಬೇಡವೆಂದು ತಲೆಯಾಡಿಸಿದ ಮೇಲೆ, ಬಂದರಿನ ಒಂದು ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಆಲಿವ್ ಎಣ್ಣೆಯ ಡಬ್ಬಗಳ ಪಕ್ಕ ಅದನ್ನು ಇಳಿಸಿ, ಚಿಂತಾಮಣಿಯ ಸೀರೆ ಅಂಗಡಿಯ ಹೆಸರಿದ್ದ ಬಟ್ಟೆಚೀಲ ಹಿಡಿದು ಹಾಯಿದೋಣಿ ಹತ್ತಿದೆ. ಮೊದಲೆರಡು ದಿನ ವಾಂತಿ ಮಾಡಿಕೊಂಡೆ. ಆಮೇಲೆ ಹೆರಾಲ್ಡ್ ಚುಕ್ಕಾಣಿ ಹಿಡಿದಿರಲು, ಡ್ಯಾಫ್ನಿಯೂ ನಾನೂ ದೋಣಿಯ ಅಂಚಿನಿಂದ ಕಾಲು ಇಳಿಬಿಟ್ಟು ಕೂತಿರುತ್ತಿದ್ದೆವು; ಇಷ್ಟು ವರ್ಷ ಕೂಡಿಟ್ಟ ಮಾತುಗಳಲ್ಲಿ ಹೆಚ್ಚಿನವು ಬೇಕಾಗಲಿಲ್ಲ. ದ್ವೀಪಗಳು ಹೇಗಿದ್ದವು ಎಂದು ಕೇಳಿದರೆ, ನಮ್ಮ ಕೈವಾರದ ಬೆಟ್ಟದ ಹಾಗಿದ್ದವು: ಅದೇ ಬೋಳು ಬಂಡೆ, ಅದೇ ಮುಳ್ಳುಪೊದೆ, ಅದೇ ಮೇಕೆಗಳು. ನಮ್ಮ ಬೆಟ್ಟಗಳ ಸೊಂಟದವರೆಗೆ ಯಾರೋ ನೀಲಿ ತುಂಬಿಸಿಟ್ಟ ಹಾಗೆ.

ತಿರುಗಿ ಬಂದಾಗ ಅತ್ತೆಯವರು ಆರತಿ ತಟ್ಟೆ ಹಿಡಿದು ಹೊಸಲಿನಲ್ಲಿ ನಿಂತಿದ್ದರು. ನಾನು ಬಲಗಾಲು ಎತ್ತಿದ್ದೇ, "ನೀನು ತಡಿ. ಅದು ಮೊದಲು ಹೊರಟಿದ್ದು, ಅದೇ ಮೊದಲು ಬರಲಿ," ಎಂದು ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ ಸೂಟ್‌ಕೇಸಿಗೆ ಆರತಿ ಎತ್ತಿದರು. ಒಳಗೆ ಕೂತ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, "ಪೆಟ್ಟಿಗೆ ಸಮುದ್ರ ನೋಡ್ತಾ?" ಇಲ್ಲ ಅತ್ತೆ, ಅಲ್ಲೂ ಬೇರೆಯವರ ಮನೆಯಲ್ಲೇ ಇತ್ತು ಎಂದು ನಿಜ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಹಂಗಾದ್ರೆ ಅದರದ್ದು ಇನ್ನೂ ಮುಗಿದಿಲ್ಲ," ಅಂದರು. ನಾನು ನಕ್ಕೆ. ಅವರು ನಗಲಿಲ್ಲ ಎಂಬುದನ್ನು ಆಗ ಗಮನಿಸಬೇಕಿತ್ತು.

ನಿನ್ನೆ ಸ್ಟೂಲಿನ ಮೇಲೆ ನಿಂತೇ ಕೂಗಿದೆ: "ಅತ್ತೆ, ಸೂಟ್‌ಕೇಸು ಎಲ್ಲಿ?"

"ಬಡಗಲ ಮನೇಲಿ. ನನ್ನ ಸೀರೇನೂ ಅದರಲ್ಲೇ ಇಟ್ಟಿದೀನಿ."

ಕಾಶಿ ಬಡಗಣಕ್ಕೆ. ಮುಂದಿನ ತಿಂಗಳ ರೈಲು ಬುಧವಾರದ್ದು, ಬಡಗಣಕ್ಕೆ ಶೂಲೆಯ ದಿನ. ಅತ್ತೆಯವರನ್ನು ಕರೆದುಕೊಂಡು ಹೋಗೋಣ ಅಂದಿದ್ದೆವು, ನೋಡೋಣ ಅಂದಿದ್ದೆವು, ಟಿಕೆಟ್ಟನ್ನೂ ತೆಗೆದಿದ್ದೆವು. "ಅದಕ್ಕಿನ್ನೂ ತಿಂಗಳಿದೆಯಲ್ಲ ಅತ್ತೆ," ಅಂದೆ.

"ನಿಮ್ಮ ಮಾತು ನಂಬಕಾಗಲ್ಲ. ಗಂಟು ಆಚೆ ಹೋದ್ರೆ ನೀವು ತಪ್ಪಿಸ್ಕೊಳ್ಳಕ್ಕಾಗಲ್ಲ."

"ನನ್ನ ಕಾರ್ಡಿಗನ್ ಅದರಲ್ಲಿದೆ. ಚಳಿ."

"ಹೊರಟಾಯ್ತಲ್ಲ, ಇನ್ನು ಬಿಚ್ಚಬಾರದು. ಕಾಶೀಲಿ ಇದಕ್ಕಿಂತ ಚಳಿಯಂತೆ. ಅಲ್ಲಿ ಹಾಕ್ಕೋ."

ಸೆರಗನ್ನು ಎರಡು ಸುತ್ತು ಹೊದ್ದು, ಬೀರುವಿನ ಮೇಲಿನ ಧೂಳನ್ನು ಒರೆಸದೆ ಸ್ಟೂಲಿನಿಂದ ಇಳಿದೆ.