ಉಪದೇಶಿಯಮ್ಮ ತಂದ ಪರಮಪ್ರಸಾದ

ಚರ್ಚಿನಲ್ಲಿ ಧರ್ಮಪಾಠ ಹೇಳುವ ಉಪದೇಶಿಯಮ್ಮನ ಬಲಗೈ ಎದೆಯ ಮೇಲಿದ್ದರೆ ಅವರನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಸೆರಗಿನೊಳಗೆ, ಕೊರಳಿಗೆ ಕಟ್ಟಿದ ಚೀಲದಲ್ಲಿ ಹಿತ್ತಾಳೆಯ ಪುಟ್ಟ ಡಬ್ಬಿ. ಅದರೊಳಗೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಫಾದರ್ ಕ್ರಿಸ್ತರ ಶರೀರವೆಂದು ಅರ್ಪಿಸಿದ ತೆಳ್ಳನೆಯ ರೊಟ್ಟಿ. ಪ್ರತಿ ಭಾನುವಾರ ಹಾಸಿಗೆ ಹಿಡಿದವರ ಮನೆಗೆ ಅದನ್ನು ಒಯ್ಯುವುದು ಅವರ ಕೆಲಸ. ಹಾರೋಹಳ್ಳಿ ಬಸ್ಸಿನ ಕಂಡಕ್ಟರ್ ಕೇಳಿದರೂ ಊರಿನ ಹೆಸರು ಬರೆದ ಚೀಟಿ ತೋರಿಸುತ್ತಿದ್ದರು. ಜಂಬದ ಹೆಂಗಸು ಅಂದುಕೊಂಡವರು ಬಹಳ ಜನ.

ಡಬ್ಬಿ ಇಲ್ಲದ ದಿನ ಮಾತೋ ಮಾತು. ನಮಗೆ ಮೊದಲ ಪರಮಪ್ರಸಾದದ ಪಾಠ ಹೇಳಿಕೊಟ್ಟವರು ಅವರೇ. "ನಾಲ್ಗೆ ಚಾಚೋಕ್ ಮುಂಚೆ, ಯಾರ್ ಮೇಲಾದ್ರೂ ಸಿಟ್ಟೈತಾ ಒಸಿ ನೋಡ್ಕಳಿ" ಎನ್ನುತ್ತಿದ್ದರು. ನನಗೆ ಪಕ್ಕದಲ್ಲಿ ಕೂತವಳ ಮೇಲೆಯೇ ಇರುತ್ತಿತ್ತು. ಹೇಳುತ್ತಿರಲಿಲ್ಲ.

ಕಾರ್ಖಾನೆಗಳಿಗೆ ಜಮೀನು ತೆಗೆದುಕೊಳ್ಳುವ ಕಾಗದ ಬಂದಾಗ, ಓದು ಬಾರದ ಅಪ್ಪ ಅದನ್ನು ಅವರ ಹತ್ತಿರವೇ ಒಯ್ದರು. ಕಾಗದ ನೋಡಿದ ಉಪದೇಶಿಯಮ್ಮ, ಬೇರೆ ದಾರಿಯಿಲ್ಲ, ಒಪ್ಪಿಕೊಳ್ಳಿ ಅಂದರು. ಅಪ್ಪ ಹೆಬ್ಬೆಟ್ಟು ಒತ್ತಿದರು, ಹಿಪ್ಪುನೇರಳೆ ತೋಟ ಹೋಯಿತು. ತಕರಾರು ಅರ್ಜಿ ಕೊಟ್ಟ ಪಕ್ಕದ ಹೊಲದವರದು ಉಳಿಯಿತು. ಅಂದಿನಿಂದ ಅಪ್ಪ ಉಪದೇಶಿಯಮ್ಮನ ಜೊತೆ ಮಾತು ಬಿಟ್ಟರು. ಚರ್ಚಿನಲ್ಲಿ ಅವರೂ ಪರಮಪ್ರಸಾದ ಹಂಚುತ್ತಿದ್ದರಿಂದ, ಸಾಲು ಎಷ್ಟೇ ಉದ್ದವಿರಲಿ ಅಪ್ಪ ಹೋಗಿ ಫಾದರ್ ಕಡೆಯೇ ನಿಲ್ಲುತ್ತಿದ್ದರು.

ನಾಲ್ಕು ವರ್ಷದ ಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಉಳಿಯುವ ಹಾಗಿರಲಿಲ್ಲ. ಪರಮಪ್ರಸಾದ ಬೇಕೆಂದು ಹಂಬಲಿಸಿದರು. ಮೂರು ಊರು ನೋಡಿಕೊಳ್ಳುತ್ತಿದ್ದ ಫಾದರಿಗೆ ಭಾನುವಾರ ಬರಲಾಗುತ್ತಿರಲಿಲ್ಲ. ಡಬ್ಬಿ ತಂದವರು ಉಪದೇಶಿಯಮ್ಮ. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ಅವರು ಬಂದ ಹಾಗೇ ಡಬ್ಬಿ ವಾಪಸು ಒಯ್ದರು. ಮುಂದಿನ ವಾರವೂ ಅದೇ ಆಯಿತು. ಸಾಯುವ ಮನುಷ್ಯನ ಹಟ ಕಂಡು ನನಗೆ ಮೈಯೆಲ್ಲ ಉರಿಯಿತು.

ಮೂರನೆಯ ಭಾನುವಾರ ಅವರು ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲಿಟ್ಟು ಪ್ರಾರ್ಥನೆ ಶುರು ಮಾಡಿದರು. ಪಾಪ ಒಪ್ಪಿಕೊಳ್ಳುವ ಸಾಲಿಗೆ ಬಂದು ನಿಲ್ಲಿಸಿದರು.

"ಅಣ್ಣ, ಆ ಕಾಗದದ ಹಿಂದ್ಗಡೆ ನಾನು ತಿರುಗ್ಸಿ ನೋಡ್ಲೇ ಇಲ್ಲ. ತಕರಾರಿದ್ರೆ ಅರ್ಜಿ ಕೊಡಿ ಅಂತ ಅಲ್ಲಿತ್ತು. ಪೂರ್ತಿ ಓದ್ದೋಳಂಗೆ ಹೇಳ್ಬುಟ್ಟೆ. ಆಮೇಲೆ ಗೊತ್ತಾದ್ರೂ ಒಪ್ಕಳಕ್ಕೆ ನಾಚ್ಕೆ ಆಯ್ತು."

ಅಪ್ಪ ಮೆಲ್ಲಗೆ ಅವರ ಕಡೆ ಹೊರಳಿದರು. ಸೊಟ್ಟಗಾದ ಬಾಯಲ್ಲೇ ತೊದಲಿದರು. "ಬಸ್ಸಿಗ್ ಹೊತ್ತಾಯ್ತು, ಬೇಗ ಓದವ್ವ ಅಂತ ಅವತ್ತು ಆತ್ರ ಮಾಡ್ದೋನು ನಾನೇ ಅಲ್ವಾ?"

ಉಪದೇಶಿಯಮ್ಮ ರೊಟ್ಟಿ ಮುರಿದರು. ಅರ್ಧ ಅಪ್ಪನ ನಾಲಿಗೆಯ ಮೇಲಿಟ್ಟು, ಅರ್ಧ ತಾವು ತೆಗೆದುಕೊಂಡರು. ಅಪ್ಪ ಮುಖ ತಿರುಗಿಸಿದ ದಿನದಿಂದ ತಾವೂ ಸ್ವೀಕರಿಸಿರಲಿಲ್ಲವೆಂದು ಆಮೇಲೆ ಅಮ್ಮನಿಗೆ ಹೇಳಿದರಂತೆ. ಹೊರಡಲು ಎದ್ದಾಗ ಅಪ್ಪ, "ಮುದ್ದೆ ಉಂಡ್ಕಂಡ್ ಹೋಗವ್ವ" ಅಂದರು. ಅವರು ಕೂತು ಉಂಡರು.

ಅಪ್ಪ ಮುಂದಿನ ತಿಂಗಳು ತೀರಿಕೊಂಡರು. ಉಪದೇಶಿಯಮ್ಮನೂ ಈಗಿಲ್ಲ. ತೋಟ ಕಳೆದವರು ಅವರೇ ಎಂದು ನನ್ನ ತಮ್ಮ ಇಂದಿಗೂ ಅನ್ನುತ್ತಾನೆ, ನಾನು ಇಲ್ಲ ಅನ್ನುವುದಿಲ್ಲ. ಸತ್ತವರ ಹಬ್ಬದ ದಿನ ಅವರ ಸಮಾಧಿಗೆ ಮೇಣದ ಬತ್ತಿ ಹಚ್ಚುವವಳು ನಾನು. ಬತ್ತಿ ತಂದುಕೊಡುವವನು ಅವನೇ.